ನಿಂತದ್ದಲ್ಲ, ನಿಲ್ಲಿಸಿದ್ದು

ಗಿರಿಮಲ್ಲಪ್ಪ ಗೌಡನ ಮನೆಯ ಕಟ್ಟೆಯ ಮೇಲೆ ಪ್ರೊಫೆಸರ್ ಕಲ್ಮೇಶ ಕುರ್ಚಿಯಲ್ಲಿ ಕೂತಿದ್ದರು. ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಅಂಜನಾ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಮೇಲೆ ಬಾ ಅಂತ ಗೌಡ ಅನ್ನಲಿಲ್ಲ. ಪ್ರೊಫೆಸರರೂ ಅನ್ನಲಿಲ್ಲ. ಗೌಡನ ಮಾತು ಹಿಡಿಯುವ ರೆಕಾರ್ಡರನ್ನು ಅವಳು ಕೈ ಎತ್ತಿ ಹಿಡಿದುಕೊಂಡಿದ್ದಳು. ಕಟ್ಟೆಯ ಮೇಲೆ ಇಡಲು ಹೋದಾಗ ಗೌಡ ಕಾಲು ಹಿಂದಕ್ಕೆ ಎಳೆದುಕೊಂಡಿದ್ದ. ಅದನ್ನು ಕಂಡ ಮೇಲೆ ಅವಳು ಇಡಲಿಲ್ಲ. ರಟ್ಟೆ ಸೋತು ಬಂತು. ಕೈ ಬದಲಿಸಿದಳು.

ಚಹಾ ಬಂತು. ಪ್ರೊಫೆಸರರಿಗೆ ಪಿಂಗಾಣಿಯ ಕಪ್ಪು-ಬಸಿ. ಅವಳಿಗೆ ಪ್ಲಾಸ್ಟಿಕ್ ಲೋಟ. ಲೋಟವನ್ನು ಕೈಗೆ ಕೊಡಲಿಲ್ಲ, ಮೆಟ್ಟಿಲ ಮೇಲೆ ಇಟ್ಟು ಹೋದರು. ಪ್ರೊಫೆಸರರು ಅದನ್ನು ಕಂಡರು. ಕಂಡು ತಮ್ಮ ಚಹಾ ಕುಡಿದರು.

"ಓಕಳಿ ಅಂದ್ರ ನಮ್ಮ ಜಾಲಿಗೇರಿದು ನೋಡ್ರಿ," ಅಂದ ಗೌಡ. ಎಪ್ಪತ್ತು ದಾಟಿದ ಮನುಷ್ಯ. ದನಿ ಇನ್ನೂ ಗಟ್ಟಿ ಇತ್ತು. "ಉಗಾದಿ ಆದ ಮ್ಯಾಲೆ ಹಣಮಪ್ಪನ ಗುಡಿ ಮುಂದ ಹೊಂಡ ತುಂಬಸತಿದ್ವಿ. ಅರಿಷಿಣ ಸುಣ್ಣ ಕಲಿಸಿದ್ರ ನೀರು ರಕ್ತದಂಗ ಕೆಂಪ ಆಕ್ಕಿತ್ತು. ಕೇರಿ ಹೆಣ್ಮಕ್ಕಳು ಐದು ಮಂದಿ ಬಂದು ಹೊಂಡದಾಗ ನಿಂದ್ರತಿದ್ರು. ಬಿಳಿ ಸೀರಿ ನಾವ ಕೊಡತಿದ್ವಿ. ನಾವು ನೀರು ಉಗ್ಗೂದು, ಅವ್ರು ಬೇವಿನ ಹಸಿ ಬಡಗಿಲೆ ನಮ್ಮನ್ನ ಹೊಡಿಯೂದು."

"ಹೆಣ್ಣುಮಕ್ಕಳು ಗಂಡಸರನ್ನ ಹೊಡೀತಿದ್ರಾ?" ಪ್ರೊಫೆಸರರು ಮುಂದಕ್ಕೆ ಬಾಗಿದರು.

"ಹೊಡೀತಿದ್ರರೀ. ನಾವು ನಕ್ಕೋತ ಹೊಡಿಸಿಕೊಳ್ಳತಿದ್ವಿ."

ಪ್ರೊಫೆಸರರು ಅಂಜನಾಳ ಕಡೆ ತಿರುಗಿದರು. "ಕೇಳಿದೇನವಾ? ವರ್ಷದಾಗ ಒಂದು ದಿನ ಕೆಳಗಿನವರಿಗೆ ಮೇಲಿನವರನ್ನ ಹೊಡಿಯೋ ಹಕ್ಕು. ಹೆಣ್ಣಿಗೆ ಗಂಡನ್ನ ಹೊಡಿಯೋ ಹಕ್ಕು. ಇದಕ್ಕಿಂತ ದೊಡ್ಡ ಸಮಾನತೆ ಯಾವ ಸಮಾಜದಾಗ ಐತಿ? ಬರಕೋ."

ಅವಳು ಬರೆದುಕೊಂಡಳು.

ಗೌಡ ಅವಳನ್ನು ಈಗ ಸರಿಯಾಗಿ ನೋಡಿದ. "ನೀ ಸಾತಿ ಮಗಳಲ್ಲೇನು? ನಿಮ್ಮವ್ವ ಭಾರಿ ಆಡತಿದ್ಲು. ಸೀರಿ ತೊಯ್ದು ಮೈಗಿ ಹತ್ತಿದ ಮ್ಯಾಲೆ ಅಕಿನ್ನ ನೋಡಾಕಂತ ಊರ ಹುಡುಗರು ಗುಡಿ ಮಾಳಿಗಿ ಏರತಿದ್ರು."

ಗೌಡ ನಕ್ಕ. ಪ್ರೊಫೆಸರರೂ ನಕ್ಕರು. ನಕ್ಕ ಮೇಲೆ ಕೆಮ್ಮಿ, ಮುಂದಿನ ಪ್ರಶ್ನೆ ಕೇಳಿದರು.

"ಇಂಥಾ ಆಚರಣೆ ಯಾಕ ನಿಂತಿತ್ರೀ ಗೌಡ್ರ?"

"ಯಾಕಂದ್ರ? ಡ್ಯಾಮ್ ಕಟ್ಟಿದ್ರಲ್ರಿ. ಹೊಳಿ ನೀರು ಹಿಂದಕ್ಕ ಬಂತು. ಊರು ಮುಳುಗ್ತು, ಗುಡಿ ಮುಳುಗ್ತು, ಹೊಂಡ ಮುಳುಗ್ತು. ಊರಿನ ಜೋಡಿ ಓಕಳಿನೂ ಹೋತು."

ರೆಕಾರ್ಡರ್ ಎಲ್ಲವನ್ನೂ ನುಂಗಿಕೊಂಡಿತು. ಮಾತನ್ನೂ, ನಗೆಯನ್ನೂ. ಅಂಜನಾ ಮೆಟ್ಟಿಲಿಳಿದು ಕಾರಿನ ಕಡೆ ನಡೆದಳು. ಚಹಾ ಮುಟ್ಟಿರಲಿಲ್ಲ.

ಅದು ೨೦೧೧ರ ಮಾಗಿಯ ಕೊನೆ. ಜಾಲಿಗೇರಿ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಹತ್ತು ವರ್ಷದ ಮೇಲಾಗಿತ್ತು. ಸರಕಾರ ಬೀಳಗಿಯ ದಾರಿಯಲ್ಲಿ ಗುಡ್ಡ ಸವರಿ ಹೊಸ ಊರು ಕಟ್ಟಿಕೊಟ್ಟಿತ್ತು. ನೇರ ರಸ್ತೆ, ಒಂದೇ ಅಳತೆಯ ಮನೆ. ಗೌಡರ ಓಣಿ ಗುಡಿಯ ಹತ್ತಿರ. ಕೇರಿ ಸುಡುಗಾಡಿನ ಹತ್ತಿರ. ಹಳೆಯ ಊರಿನಲ್ಲಿ ಹೇಗಿತ್ತೋ ಹಾಗೇ. ನಕ್ಷೆ ಮಾಡಿದ ಇಂಜಿನಿಯರಿಗೆ ಇದನ್ನು ಯಾರು ಹೇಳಿಕೊಟ್ಟರೋ.

ಅಂಜನಾ ಆ ಕೇರಿಯವಳು. ಹಲಗೆ ಬಾರಿಸುತ್ತಿದ್ದ ಹಣಮಂತನ ಮಗಳು. ಸಣ್ಣವಳಿದ್ದಾಗಲೇ ಜಮಖಂಡಿಯ ಹಾಸ್ಟೆಲು ಸೇರಿ ಶಾಲೆ, ಕಾಲೇಜು ಮುಗಿಸಿದಳು. ಕೇರಿಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಮುಳುಗಡೆ ಊರುಗಳಲ್ಲಿ ಹಬ್ಬಗಳು ಹೇಗೆ ಬದಲಾದವು ಎಂಬುದು ಅವಳ ಸಂಶೋಧನೆಯ ವಿಷಯ. ವಿಷಯ ಕೊಟ್ಟವರು ಪ್ರೊಫೆಸರ್ ಕಲ್ಮೇಶ. ಬನಹಟ್ಟಿಯ ನೂಲಿನ ವ್ಯಾಪಾರಿಗಳ ಮನೆಯವರು. ಅವರಿಗೇ ಅದೇ ವಿಷಯದ ಮೇಲೆ ಒಂದು ದೊಡ್ಡ ಯೋಜನೆ ಮಂಜೂರಾಗಿತ್ತು. "ನೀ ಅದೇ ಊರವಳು. ನಿನಗ ಬಾಗಿಲು ತಾವೇ ತೆರೀತಾವು," ಅಂದಿದ್ದರು. ಅವಳು ಆಗ ಹಿಗ್ಗಿದ್ದಳು.

ಓಕಳಿಯನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಆ ದಿನಗಳಲ್ಲಿ ಅವ್ವ ಅವಳನ್ನು ಹಾಸ್ಟೆಲಿನಿಂದ ಮನೆಗೆ ಕರೆಸುತ್ತಲೇ ಇರಲಿಲ್ಲ. ಪರೀಕ್ಷೆ ಹತ್ತಿರ ಬಂತು, ಅಲ್ಲೇ ಇರು, ಎಂದು ಹೇಳಿ ಕಳಿಸುತ್ತಿದ್ದಳು. ಮನೆಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಈಗ ಹಾಸ್ಟೆಲಿನ ಕೋಣೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಗೌಡನ ಮಾತನ್ನು ಕಾಗದಕ್ಕಿಳಿಸುವ ಕೆಲಸ ಅವಳದು. ನಾಲ್ಕು ಮಾತು ಕೇಳುವುದು, ನಿಲ್ಲಿಸುವುದು, ಬರೆಯುವುದು, ಹಿಂದಕ್ಕೆ ಓಡಿಸಿ ಮತ್ತೆ ಕೇಳುವುದು. ಒಂದು ಕೆಮ್ಮು ಕೂಡ ಬಿಡಬಾರದು ಎಂದು ಪ್ರೊಫೆಸರರ ಅಪ್ಪಣೆ. ಸೀರಿ ತೊಯ್ದು ಮೈಗಿ ಹತ್ತಿದ ಮ್ಯಾಲೆ. ನಿಲ್ಲಿಸಿದಳು. ಬರೆದಳು. ಅಕಿನ್ನ ನೋಡಾಕಂತ. ನಿಲ್ಲಿಸಿದಳು. ಬರೆದಳು. ಆಮೇಲೆ ನಗು. ನಗುವನ್ನು ಹೇಗೆ ಬರೆಯುವುದು? ಕಂಸ ಹಾಕಿ ಒಳಗೆ ‘ನಗು’ ಎಂದು ಬರೆಯಬೇಕು. ಎಷ್ಟು ಜನರದು? ಇಬ್ಬರದು. ಎರಡನೆಯ ನಗು ಯಾರದು ಎಂದು ಅವಳಿಗೆ ಗೊತ್ತಿತ್ತು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಬಂದು ಉಳಿದದ್ದನ್ನು ಬರೆದಳು. ಬೆಳಿಗ್ಗೆ ಅದನ್ನು ಕೊಡಬೇಕಿತ್ತು.

ಮುಂದಿನ ವಾರ ಊರಿಗೆ ಹೋದಳು. ಮಧ್ಯಾಹ್ನ ಸಾತವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅಂಜನಾ ಅವಳ ಬಲಕ್ಕೆ ಕೂತಳು. ಅವ್ವನ ಎಡಗಿವಿ ಕೇಳುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ ಎಂದು ಅಂಜನಾ ತಿಳಿದಿದ್ದಳು.

"ಯವ್ವಾ, ಓಕಳಿ ಯಾಕ ನಿಂತಿತು ಬೇ?"

ಸಾತವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ನಿಂತಿತು ಅಂತ ಯಾರಂದ್ರು?"

"ಗೌಡ ಅಂದ. ಊರು ಮುಳುಗ್ತಲ್ಲ, ಅದಕ್ಕ ನಿಂತಿತು ಅಂದ."

"ಅದು ತಾನಾ ನಿಂತಿಲ್ಲ. ನಾವು ನಿಲ್ಲಿಸೀವಿ."

ರೊಟ್ಟಿಯನ್ನು ಹಂಚಿಗೆ ಹಾಕಿದಳು. ಬೇಯಿಸಿದಳು. ತೆಗೆದಳು. ಇನ್ನೊಂದಕ್ಕೆ ಹಿಟ್ಟು ತಗೊಳ್ಳಲಿಲ್ಲ. ಕೈ ತೊಳೆದುಕೊಂಡು ಗೋಡೆಗೆ ಒರಗಿದಳು. ಆಮೇಲೆ ಹೇಳಿದಳು.

ಕೇರಿಯಲ್ಲಿ ಮನೆಮನೆಗೆ ಪಾಳಿ ಇತ್ತು. ಪಾಳಿ ಬಂದ ಮನೆಯಿಂದ ಒಬ್ಬ ಹೆಣ್ಣುಮಗಳು ಹೋಗಲೇಬೇಕು. ಬಾಣಂತಿ ಇದ್ದರೂ ಹೋಗಬೇಕು. ಕೊಟ್ಟ ಸೀರೆ ತೆಳು ಇರುತ್ತಿತ್ತು. ಒಳಗೆ ಏನೂ ಉಡಬಾರದು, ದೇವರಿಗೆ ಮೈಲಿಗೆ ಎನ್ನುತ್ತಿದ್ದರು. ಹೊಂಡದ ಸುತ್ತ ಗಂಡಸರು ನಿಲ್ಲುತ್ತಿದ್ದರು. ಕೊಡದಿಂದ, ತಂಬಿಗೆಯಿಂದ ಮುಖಕ್ಕೆ, ಎದೆಗೆ ಗುರಿ ಇಟ್ಟು ಉಗ್ಗುತ್ತಿದ್ದರು. ಸುಣ್ಣದ ನೀರು ಕಣ್ಣೊಳಗೆ ಹೋದರೆ ಕೆಂಡ ಇಟ್ಟ ಹಾಗೆ. ಕಣ್ಣು ಒರೆಸಿಕೊಳ್ಳಲು ಸೆರಗು ಎತ್ತಿದರೆ ಸಿಳ್ಳೆ ಬೀಳುತ್ತಿದ್ದವು. ಕೆಲವರು ಹೊಂಡಕ್ಕೇ ಇಳಿಯುತ್ತಿದ್ದರು. ನೀರಿನೊಳಗೆ ಕೈ ಎಲ್ಲಿಗೆ ಹೋಯಿತು ಎಂದು ಯಾರು ನೋಡುತ್ತಾರೆ?

"ಒಂದು ಸಲ ಒಬ್ಬಾಂವ ಕಿವಿ ಹತ್ರನ ಬಂದು ಕೊಡ ಬೀಸಿ ಉಗ್ಗಿದ. ಒಳಗ ಏನೋ ಹರದಂಗ ಆತು. ರಾತ್ರಿತನಕ ರಕ್ತ ಬಂತು. ಅವತ್ತಿನಿಂದ ಈ ಕಿವಿ ಸತ್ತೈತಿ."

"ಬಡಗಿ ಇರತಿತ್ತಲ್ಲ ಬೇ ಕೈಯಾಗ. ಹೊಡೀತಿದ್ರಿ ಅಂದ ಗೌಡ."

"ಬಡಗಿ ಕೊಡತಿದ್ರು ಖರೆ. ಗೌಡನ ಮಗನ ಬೆನ್ನಿಗಿ ಗಟ್ಟಿ ಬಿತ್ತಂದ್ರ ಮರುದಿನ ಹೊಲದಾಗ ಕೆಲಸ ಇಲ್ಲ. ಹೊಡದಂಗ ಮಾಡಬೇಕು. ನಗಬೇಕು. ನಗಲಿಲ್ಲಂದ್ರ ನಗೂತನಕ ಉಗ್ಗತಿದ್ರು."

"ಅಪ್ಪ ಎಲ್ಲಿರತಿದ್ದ?"

ಸಾತವ್ವ ಹೊರಗೆ ನೋಡಿದಳು. "ಅಲ್ಲೇ ಇರತಿದ್ದ. ಹಲಗಿ ಬಾರಸತಿದ್ದ."

ಒಲೆಯ ಬೆಂಕಿ ಕಟ್ಟಿಗೆ ತಿಂದು ಸಣ್ಣದಾಯಿತು.

"ನೀ ದೊಡ್ಡಾಕಿ ಆದ ವರ್ಷ ಗೌಡ ಆಳಿನ ಕೈಯಾಗ ಹೇಳಿ ಕಳಿಸಿದ," ಅಂದಳು ಸಾತವ್ವ. "ಈ ಸಲ ಸಾತಿ ಬ್ಯಾಡ, ಸಾತಿ ಮಗಳು ಬರಲಿ. ಎಳೇದ ಐತಿ, ಛಲೋ ಆಡತೈತಿ ಅಂತ ಹೇಳಿ ಕಳಿಸಿದ. ನೀ ಜಮಖಂಡ್ಯಾಗ ಇದ್ದಿ. ನಾ ಅವತ್ತ ಕೇರ್ಯಾಗ ಮನಿಮನಿಗಿ ಹೋದೆ. ನನ್ನ ಮಗಳು ಬರೂದಿಲ್ಲ, ನಾನೂ ಹೋಗೂದಿಲ್ಲ, ನೀವೂ ಹೋಗಬ್ಯಾಡ್ರಿ ಅಂದೆ. ಒಬ್ಬಾಕಿನೂ ಹೋಗಲಿಲ್ಲ. ನಿಮ್ಮಪ್ಪ ಹಲಗಿ ಗೂಟಕ್ಕ ಹಾಕಿದ."

ಗೌಡರ ಓಣಿಯ ಗಂಡಸರು ಕೇರಿಗೆ ಬಂದರು. ಹಣಮಂತನನ್ನು ಹೊರಗೆಳೆದು ಹೊಡೆದರು. ಎದೆಯ ಎಲುಬು ಮುರಿಯಿತು. ಕೇರಿಯ ಬಾವಿಗೆ ಸತ್ತ ನಾಯಿ ಹಾಕಿದರು. ಯಾರ ಹೊಲದಲ್ಲೂ ಕೆಲಸ ಕೊಡಲಿಲ್ಲ. ಹೆಣ್ಣುಮಕ್ಕಳು ಅನಗವಾಡಿಯ ತನಕ ನಡೆದು ಹೋಗಿ ಇಟ್ಟಂಗಿ ಭಟ್ಟಿಯಲ್ಲಿ ಮಣ್ಣು ತುಳಿದರು. ಹೊಳೆಯ ನೀರು ಹೊತ್ತು ತಂದು ಕುಡಿದರು. ಮರುವರ್ಷವೂ ಹೋಗಲಿಲ್ಲ. ಊರು ಮುಳುಗಿದ್ದು ಅದಾದ ಮೇಲೆ. ಹಣಮಂತ ಹೊಸ ಊರಿಗೆ ಬಂದ ಮೇಲೆ ಬಹಳ ದಿನ ಬದುಕಲಿಲ್ಲ. ಕೊನೆಯ ತನಕ ಉಸಿರೆಳೆದಾಗ ಎದೆ ಹಿಡಿದುಕೊಳ್ಳುತ್ತಿದ್ದ.

"ಹೊಳಿ ಬರೂಕಿಂತ ಮೊದಲ ಆ ಹೊಂಡ ಒಣಗಿತ್ತು," ಅಂದಳು ಸಾತವ್ವ. ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಅಂಜನಾ ತನ್ನ ಅಧ್ಯಾಯದಲ್ಲಿ ಅದನ್ನೇ ಬರೆದಳು. ಜಾಲಿಗೇರಿಯ ಓಕುಳಿಯನ್ನು ಮುಳುಗಡೆಗೆ ಮೊದಲೇ ಕೇರಿಯ ಹೆಣ್ಣುಮಕ್ಕಳು ನಿಲ್ಲಿಸಿದರು. ಕೆಳಗೆ ಅವ್ವ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಇಳಿಸಿದಳು.

ಪ್ರೊಫೆಸರರು ಅದನ್ನು ತಿದ್ದಿ ಕೊಟ್ಟರು. ಅವ್ವನ ಮಾತು ತುಂಬಿದ ಪುಟಗಳ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ. ‘ನಿಲ್ಲಿಸಿದರು’ ಎಂಬ ಶಬ್ದ ಹೊಡೆದು ಅದರ ಮೇಲೆ ‘ನಿಂತಿತು’ ಎಂದು ಬರೆದಿದ್ದರು. ಹೆಣ್ಣುಮಕ್ಕಳು ವಾಕ್ಯದಿಂದಲೇ ಹೊರಗೆ ಹೋಗಿದ್ದರು.

"ಇದು ನಿಮ್ಮ ತಾಯಿಯ ನೋವು. ನನಗ ಅರ್ಥ ಆಕ್ಕೈತಿ," ಅಂದರು. "ಆದ್ರ ಭಾವನೆ ಬ್ಯಾರೆ, ಮಾಹಿತಿ ಬ್ಯಾರೆ."

"ಗೌಡ್ರು ಹೇಳಿದ್ದು ಮಾಹಿತಿ ಹೆಂಗ ಆತ್ರಿ ಸರ್?"

"ಅವರು ಕಟ್ಟಿ ಮ್ಯಾಲೆ ಕುಂತು ನೋಡಿದವರು. ಅವರಿಗೆ ಅಂತರ ಐತಿ. ನಿಮ್ಮ ತಾಯಿ ಒಳಗ ಇದ್ದವರು. ಒಳಗ ಇದ್ದವರಿಗೆ ಇಡೀ ಹಬ್ಬ ಕಾಣೂದಿಲ್ಲ."

ಸಹಿ ಅವರದು. ವಿದ್ಯಾರ್ಥಿ ವೇತನ ಬರುವುದೂ ಆ ಸಹಿಯ ಮೇಲೆಯೇ. ಕೆಂಪು ಗೆರೆಯ ಕಾಗದ ಚೀಲಕ್ಕೆ ಹಾಕಿಕೊಂಡು ಬಂದಳು. ಬಾಯಿಯೊಳಗೆ ಎಂಜಲು ಕಹಿಯಾಗಿತ್ತು. ಉಗುಳಲು ಜಾಗ ಸಿಗಲಿಲ್ಲ. ಕಾರಿಡಾರಿನ ಉದ್ದಕ್ಕೂ ಟೈಲ್ಸ್ ಹೊಳೆಯುತ್ತಿದ್ದವು.

ಆ ಯುಗಾದಿಗೆ ಪ್ರೊಫೆಸರರು ಹೊಸದೊಂದು ತೆಗೆದರು. ಕಣ್ಮರೆಯಾದ ಹಬ್ಬವನ್ನು ಮತ್ತೆ ಆಡಿಸಿ ಚಿತ್ರೀಕರಣ ಮಾಡುವುದು. ಗೌಡನ ಮಗ ಚನಮಲ್ಲಪ್ಪ ಗುತ್ತಿಗೆದಾರ. ಹೊಸ ಗುಡಿಯ ಮುಂದೆ ಸಿಮೆಂಟಿನ ತೊಟ್ಟಿ ಕಟ್ಟಿಸಿಯೇ ಬಿಟ್ಟ. "ಯುನಿವರ್ಸಿಟಿಯವರ ಆಡ್ರಿ ಅಂದ ಮ್ಯಾಲೆ ಕೇರಿಯವರು ಬ್ಯಾಡಂದ್ರ ನಡೀತದೇನು?" ಎಂದು ಚಹಾದಂಗಡಿಯಲ್ಲಿ ಕೂತು ಹೇಳಿಕೊಂಡ. ಇಷ್ಟು ವರ್ಷ ಗೌಡರ ಕೈಯಲ್ಲಿ ಆಗದಿದ್ದದ್ದು ಸಂಶೋಧನೆಯ ಹೆಸರಿನಲ್ಲಿ ಆಗುತ್ತಿತ್ತು.

"ಬ್ಯಾಡ ಸರ್. ಹೆಣ್ಮಕ್ಕಳು ಬಿಟ್ಟದ್ದನ್ನ ನಾವು ಮತ್ತ ಹೊರಿಸಬಾರದು," ಎಂದು ಅಂಜನಾ ಹೇಳಿ ನೋಡಿದಳು.

"ಇದು ನಟನೆ. ನಿನ್ನ ಮಹಾಪ್ರಬಂಧಕ್ಕೇ ತೂಕ ಬರತೈತಿ," ಅಂದರು ಅವರು. "ಬರಲಿಲ್ಲಂದ್ರ ನಿನ್ನ ಕ್ಷೇತ್ರಕಾರ್ಯ ಅಪೂರ್ಣ ಅಂತ ಬರೀಬೇಕಾಕ್ಕೈತಿ ನಾನು."

ಅವಳು ಹೋದಳು. ಹೋಗುವಾಗ ತನ್ನ ಮೇಲೆ ತನಗೇ ಹೇಸಿಗೆ ಆಯಿತು.

ಗುಡಿಯ ಮುಂದೆ ಶಾಮಿಯಾನ ಹಾಕಿದ್ದರು. ವಿಶ್ವವಿದ್ಯಾಲಯದಿಂದ ಎರಡು ಕಾರು ಬಂದಿದ್ದವು. ಪ್ರೊಫೆಸರರ ಹೆಂಡತಿ ರಾಜಶ್ರೀ ಮೇಡಮ್ಮೂ ಬಂದಿದ್ದರು. ಅವರೂ ಕಾಲೇಜಿನಲ್ಲಿ ಪಾಠ ಹೇಳುವವರೇ. ಕ್ಯಾಮೆರಾ ಮೂರು ಕಾಲಿನ ಮೇಲೆ ನಿಂತಿತ್ತು. ತೊಟ್ಟಿಯಲ್ಲಿ ಕೆಂಪು ನೀರು. ಬಿಸಿಲಿಗೆ ಸುಣ್ಣದ ಘಾಟು ಮೂಗಿಗೆ ಹತ್ತುತ್ತಿತ್ತು. ಪಕ್ಕದಲ್ಲಿ ಬೇವಿನ ಹಸಿ ಬಡಿಗೆಗಳನ್ನು ಒಟ್ಟಿದ್ದರು.

ಪ್ರೊಫೆಸರರು ಮೈಕು ಹಿಡಿದು ಮಾತಾಡಿದರು. ಹೆಣ್ಣಿನ ಶಕ್ತಿ, ಜನಪದರ ಸಮಾನತೆ, ಅಣೆಕಟ್ಟು ನುಂಗಿದ ಸಂಸ್ಕೃತಿ. ಜನ ಚಪ್ಪಾಳೆ ತಟ್ಟಿದರು. ಮಾಳಿಗೆಗಳ ಮೇಲೆ ಹುಡುಗರು ಏರಿದ್ದರು. ಕೈಯಲ್ಲಿ ಮೊಬೈಲು.

ಕೇರಿಯಿಂದ ನಾಲ್ಕು ಹೆಣ್ಣುಮಕ್ಕಳು ಬಂದು ತೊಟ್ಟಿಯ ಹತ್ತಿರ ನಿಂತಿದ್ದರು. ಬರದಿದ್ದರೆ ಈ ಸಲ ಕಬ್ಬು ಕಡಿಯಲು ಕರೆಯುವುದಿಲ್ಲ ಎಂದು ಚನಮಲ್ಲಪ್ಪ ಹೇಳಿ ಕಳಿಸಿದ್ದ. ಅವರಲ್ಲಿ ಒಬ್ಬಳು ಅಂಜನಾಳ ಚಿಕ್ಕವ್ವನ ಮಗಳು ಮನೀಷಾ. ಕಬ್ಬು ಕಡಿದು ಕಡಿದು ಅವಳ ತೋಳು ಹಗ್ಗದ ಹಾಗೆ ಬಿಗಿದಿದ್ದವು. ಅಂಜನಾಳನ್ನು ಕಂಡು ತಲೆ ತಗ್ಗಿಸಿದಳು. "ಬರೇ ಫೋಟೋ ಅಂದ್ರು ಅಕ್ಕಾ," ಅಂದಳು.

"ಐದನೇದಾಕಿ ಎಲ್ಲಿ?" ಎಂದು ಗಿರಿಮಲ್ಲಪ್ಪ ಗೌಡ ಕೇಳಿದ. ಐದನೆಯವಳು ಸಾತವ್ವ. ಆಳು ಕರೆಯಲು ಹೋದಾಗ ಸಾತವ್ವ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳಂತೆ. ತಲೆ ಎತ್ತಿ ನೋಡಲೂ ಇಲ್ಲವಂತೆ.

"ಐದು ಮಂದಿ ಇಲ್ದ ನೀರು ಮುಟ್ಟಾಂಗಿಲ್ಲ. ಪದ್ಧತಿ ಇಲ್ಲ," ಅಂದ ಗೌಡ.

ಪ್ರೊಫೆಸರರು ಗಡಿಯಾರ ನೋಡಿದರು. ಸುತ್ತ ನೋಡಿದರು. ಆಮೇಲೆ ಅಂಜನಾಳನ್ನು ನೋಡಿದರು. ಹತ್ತಿರ ಬಂದು ದನಿ ತಗ್ಗಿಸಿದರು.

"ನೀನೇ ನಿಂತುಬಿಡವಾ. ಐದು ನಿಮಿಷದ ಕೆಲಸ. ಸಂಶೋಧಕಿ ತಾನೇ ಆಚರಣೆಯೊಳಗ ಇಳಿದು ಅನುಭವಿಸಿ ಬರೆಯೋದು, ಅದಕ್ಕ ಬ್ಯಾರೆ ಬೆಲೆ ಐತಿ."

ರಾಜಶ್ರೀ ಮೇಡಮ್ಮು ಪ್ಲಾಸ್ಟಿಕ್ ಕವರಿನಿಂದ ಬಿಳಿ ಸೀರೆ ತೆಗೆದು ಬಿಚ್ಚಿದರು. "ಹಿಡೀವಾ, ಲಗೂನ ಸುತ್ತಿಕೋ. ಬಿಸಲಾಗ ಎಷ್ಟೊತ್ತು ನಿಂದ್ರೂದು."

ಗೌಡ ಅಲ್ಲಿಂದಲೇ ನಕ್ಕ. "ಅವ್ವನ ಜಾಗಾಕ್ಕ ಮಗಳು. ಛಲೋನ ಆತು. ಅವತ್ತ ತಪ್ಪಿಸಿಕೊಂಡಿದ್ದಳು."

ಅವನಿಗೆ ನೆನಪಿತ್ತು. ಸೀರೆ ಅಂಜನಾಳ ಮುಂದೆ ತೂಗಾಡುತ್ತಿತ್ತು. ಅವಳು ಕೈ ಮುಂದೆ ಮಾಡಲಿಲ್ಲ.

"ನಾ ನಿಂದ್ರೂದಿಲ್ರಿ ಸರ್."

"ನಟನೆ ಅಂತ ಹೇಳಿದೆನಲ್ಲವಾ."

"ನಟನೆ ಆದ್ರ ಯಾರರ ಮಾಡಬಹುದು. ಸೀರಿ ಮೇಡಮ್ಮಾರ ಕೈಯಾಗ ಐತಿ. ಅವರ ಉಟ್ಟುಕೊಂಡು ನಿಂದ್ರಲಿ."

ರಾಜಶ್ರೀ ಮೇಡಮ್ಮರ ಮುಖ ಬಿಳಿಚಿಕೊಂಡಿತು. ಸೀರೆಯನ್ನು ಹಾವು ಬಿಟ್ಟ ಹಾಗೆ ಕುರ್ಚಿಯ ಮೇಲೆ ಬಿಟ್ಟರು. ಪ್ರೊಫೆಸರರು ಗೌಡನ ಕಡೆ ನೋಡಿದರು. ಮಾತಾಡಿದ್ದು ಗೌಡ.

"ಲೇ, ನಾಲಿಗಿ ಬಿಗಿ ಹಿಡದು ಮಾತಾಡು. ಮರ್ಯಾದಸ್ತರ ಮನಿ ಹೆಣ್ಮಕ್ಕಳು ಓಕಳಿ ಹೊಂಡಕ್ಕ ಇಳಿತಾರೇನು?"

ಅಂಜನಾ ಪ್ರೊಫೆಸರರ ಕಡೆ ತಿರುಗಿದಳು. "ಬರಕೋರಿ ಸರ್. ಇದು ಮಾಹಿತಿ. ಕಟ್ಟಿ ಮ್ಯಾಲೆ ಕುಂತವರ ಹೇಳ್ಯಾರ."

ಚನಮಲ್ಲಪ್ಪ ತೊಟ್ಟಿಗೆ ಕೊಡ ಅದ್ದಿದ. ಎತ್ತಿದ. ಎರಡು ಹೆಜ್ಜೆ ಮುಂದೆ ಬಂದು ಅವಳ ಮುಖಕ್ಕೆ ಬೀಸಿ ಉಗ್ಗಿದ. "ತಗೋ. ಈಗ ನಿಂತಂಗ ಆತಲ್ಲ."

ಕಣ್ಣಿಗೆ ಬೆಂಕಿ ಬಿತ್ತು. ಮೂಗಿನೊಳಗೆ, ಬಾಯೊಳಗೆ ಸುಣ್ಣ. ಉಸಿರು ಹಿಡಿಯಿತು. ಮಾಳಿಗೆಯ ಮೇಲಿನಿಂದ ಸಿಳ್ಳೆ ಬಿದ್ದವು. ಅಂಗಿ ಮೈಗೆ ಅಂಟಿತು. ಅವಳು ಎರಡೂ ಕೈಯಿಂದ ಕಣ್ಣು ಉಜ್ಜಿಕೊಳ್ಳುತ್ತಿರುವಾಗ ಹಸಿ ಬಡಿಗೆಯ ಸಪ್ಪಳ ಕೇಳಿತು. ಒಮ್ಮೆ. ಆಮೇಲೆ ಮತ್ತೊಮ್ಮೆ.

ಹೊಡೆದವಳು ಮನೀಷಾ. ಕಬ್ಬಿನ ಬುಡಕ್ಕೆ ಬೀಸುವ ಹಾಗೆ ಬೀಸಿದ್ದಳು. ಮೊದಲ ಏಟು ಚನಮಲ್ಲಪ್ಪನ ಮುಂಗೈಗೆ ಬಿತ್ತು. ಕೊಡ ಉರುಳಿತು. ಎರಡನೆಯದು ಬೆನ್ನಿಗೆ. ಅವನು ಬೋರಲು ಬಿದ್ದ.

"ಹೆಣ್ಮಕ್ಕಳು ಹೊಡೀಬೇಕು ಅಂತ ಇವರ ಹೇಳ್ಯಾರಲ್ಲ ಮೈಕಿನ್ಯಾಗ," ಅಂದಳು ಮನೀಷಾ. ಅವಳು ನಗುತ್ತಿರಲಿಲ್ಲ.

ಪ್ರೊಫೆಸರರು ಕ್ಯಾಮೆರಾದವನ ಕಡೆ ಓಡಿದರು. "ನಿಲ್ಲಿಸು, ನಿಲ್ಲಿಸು, ಇದನ್ನ ತಗೀಬ್ಯಾಡ," ಎಂದು ಲೆನ್ಸಿಗೆ ಅಂಗೈ ಅಡ್ಡ ಹಿಡಿದರು. ಉಳಿದ ಮೂವರು ಹೆಣ್ಣುಮಕ್ಕಳು ಅಂಜನಾಳ ತೋಳು ಹಿಡಿದು ಕೇರಿಯ ಕಡೆ ನಡೆಸಿದರು. ಅವಳಿಗೆ ದಾರಿ ಕಾಣುತ್ತಿರಲಿಲ್ಲ. ಹಿಂದಿನಿಂದ ಬೈಗುಳ ಬಂದವು. ಒಂದೆರಡು ಕಲ್ಲೂ ಬಂದವು. ಯಾರೂ ಓಡಲಿಲ್ಲ.

ಸಾತವ್ವ ಮಗಳನ್ನು ಅಂಗಳದಲ್ಲಿ ಕೂರಿಸಿ ಕಣ್ಣಿಗೆ ನೀರು ಹನಿಸಿದಳು. ಬಹಳ ಹೊತ್ತು ಹನಿಸಿದಳು. ಕೆಂಪು ನೀರು ಮಗಳ ಕೂದಲಿನಿಂದ ಇಳಿದು ಅಂಗಳದ ಮಣ್ಣಿಗೆ ಸೇರುವುದನ್ನು ನೋಡಿದಳು. ಆಮೇಲೆ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ಠಾಣೆಯಲ್ಲಿ ಮನೀಷಾಳ ಮೇಲೆ ಕೇಸಾಯಿತು. ಚನಮಲ್ಲಪ್ಪನ ಮೇಲೆ ಆಗಲಿಲ್ಲ. ಹಬ್ಬದಲ್ಲಿ ನೀರು ಉಗ್ಗಿದರೆ ಅದು ಜಾತಿ ನಿಂದನೆ ಹೇಗಾಗುತ್ತದೆ ಎಂದು ಕೇಳಿದರು. ಚಿತ್ರೀಕರಣ ಇದೆಯಲ್ಲ, ನೋಡಿ ಎಂದಳು ಅಂಜನಾ. ಯಂತ್ರ ಕೆಟ್ಟು ಆ ದಿನದ ಚಿತ್ರೀಕರಣವೆಲ್ಲ ಹಾಳಾಗಿದೆ ಎಂದು ಪ್ರೊಫೆಸರ್ ಕಲ್ಮೇಶ ಬರೆದುಕೊಟ್ಟಿದ್ದರು. ಕೇರಿಯವರನ್ನು ಆ ವರ್ಷ ಯಾರೂ ಕಬ್ಬಿಗೆ ಕರೆಯಲಿಲ್ಲ. ಮನೀಷಾ ಮುಧೋಳದ ಕಡೆಯ ಗ್ಯಾಂಗಿಗೆ ಸೇರಿ, ಹೊಲದಲ್ಲೇ ಗುಡಿಸಲು ಹಾಕಿಕೊಂಡು ಕಬ್ಬು ಕಡಿದಳು. ತಾರೀಖು ಬಂದಾಗ ಬಸ್ಸು ಹಿಡಿದು ಬಂದು ಕೋರ್ಟಿನ ಮುಂದೆ ನಿಂತು ಹೋಗುತ್ತಿದ್ದಳು.

ಮಳೆಗಾಲ ಕಳೆದು ಕಬ್ಬಿನ ಹಂಗಾಮು ಶುರುವಾದ ಮೇಲೆ ಪ್ರೊಫೆಸರರು ಅಂಜನಾಳನ್ನು ತಮ್ಮ ಕೋಣೆಗೆ ಕರೆಸಿದರು. ಕುರ್ಚಿ ತೋರಿಸಿದರು. ಇಷ್ಟು ವರ್ಷದಲ್ಲಿ ಅದೇ ಮೊದಲು.

"ಆದದ್ದು ಆಗಿಹೋತು," ಅಂದರು. "ಗೌಡ್ರ ಜೋಡಿ ಮಾತಾಡೀನಿ. ಆ ಹುಡುಗಿ ಮ್ಯಾಲಿನ ಕೇಸು ವಾಪಸ್ ತಗೋತಾರ. ನಿನ್ನ ಪ್ರಬಂಧಕ್ಕ ನಾ ಇವತ್ತ ಸಹಿ ಮಾಡತೀನಿ. ನೀ ಮಾಡಬೇಕಾದ್ದು ಇಷ್ಟ. ಉಗಾದಿ ದಿನದ್ದು ಏನೂ ಬರೀಬಾರದು. ಮತ್ತ ಈ ಒಂದು ಶಬ್ದ."

ಅಧ್ಯಾಯದ ಆ ಪುಟ ತೆಗೆದು ಮುಂದಿಟ್ಟರು. ಅವರು ಮೂರು ಸಲ ತಿದ್ದಿದರೂ ಅವಳು ಮತ್ತೆ ಮೊದಲಿನ ಹಾಗೇ ಬರೆದುಕೊಟ್ಟಿದ್ದ ಸಾಲು ಅದು; ಈ ಸಲವೂ ಅದರ ಮೇಲೆ ಕೆಂಪು ‘ನಿಂತಿತು’ ಇತ್ತು. "ನಿಲ್ಲಿಸಿದರು ಅಂತ ಬರದಿ. ನಿಂತಿತು ಅಂತ ಮಾಡು. ಒಂದು ಶಬ್ದಕ್ಕ ಜೀವನ ಹಾಳು ಮಾಡಿಕೋಬ್ಯಾಡ."

ಅವಳು ಪುಟ ನೋಡಿದಳು. ಮನೀಷಾಳ ಕೇಸಿನ ಮಾತು ಅವಳ ಬಾಯಿ ಕಟ್ಟಿತು. "ನಾಳೆ ಹೇಳತೀನ್ರಿ," ಅಂದು ಎದ್ದಳು. ಅವತ್ತೇ ಬಸ್ಸು ಹತ್ತಿ ಮುಧೋಳಕ್ಕೆ ಹೋದಳು. ಮನೀಷಾ ಕೊಯ್ದ ಕಬ್ಬಿನ ಹೊರೆ ಕಟ್ಟುತ್ತಿದ್ದಳು. ಎಲ್ಲ ಕೇಳಿದಳು. ಹೊರೆ ಬಿಗಿದು ಗಂಟು ಹಾಕಿದಳು.

"ನನ್ನ ಸಲುವಾಗಿ ಸುಳ್ಳ ಬರೀಬ್ಯಾಡ ಅಕ್ಕಾ. ಹೊಡದೇನಿ. ಹೊಡದಿಲ್ಲ ಅಂತ ನಾ ಎಲ್ಲೂ ಹೇಳೂದಿಲ್ಲ. ಮತ್ತ ನೀ ಯಾಕ ದೊಡ್ಡವ್ವ ನಿಲ್ಲಿಸಿಲ್ಲ ಅಂತ ಬರೀತಿ?"

ಮರುದಿನ ಅಂಜನಾ ಪ್ರೊಫೆಸರರ ಕೋಣೆಗೆ ಹೋದಳು. ಕುರ್ಚಿಯಲ್ಲಿ ಕೂರಲಿಲ್ಲ. ಅವರು ಪೆನ್ನು ಮುಂದೆ ಮಾಡಿದರು. ಅವಳು ತಗೊಂಡಳು. ಅವರ ಕೆಂಪು ‘ನಿಂತಿತು’ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: ಸಾತವ್ವ ನಿಲ್ಲಿಸಿದಳು. ಪುಟವನ್ನು ಅವರ ಕಡೆ ತಿರುಗಿಸಿ ಇಟ್ಟಳು.

"ಇನ್ನ ಇದನ್ನ ತಿದ್ದೂದಿಲ್ರಿ," ಅಂದಳು.

ಸಹಿ ಆಗಲಿಲ್ಲ. ಬೇರೆ ಯಾವ ಪ್ರೊಫೆಸರರೂ ಅವಳನ್ನು ತಗೊಳ್ಳಲಿಲ್ಲ. ವಿದ್ಯಾರ್ಥಿ ವೇತನ ನಿಂತಿತು. ಪಿಎಚ್‌ಡಿ ಅಲ್ಲಿಗೇ ಮುಗಿಯಿತು. ಸಾವಳಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿತು. ಮನೀಷಾಳ ಕೇಸು ವರ್ಷಗಟ್ಟಲೆ ಎಳೆದಾಡಿ ಕೊನೆಗೆ ಸಾಕ್ಷಿ ಇಲ್ಲವೆಂದು ಬಿದ್ದುಹೋಯಿತು. ಬೆನ್ನಿಗೆ ಏಟು ತಿಂದೆ, ಹೆಂಗಸು ಹೊಡೆದಳು, ಎಂದು ಕೋರ್ಟಿನಲ್ಲಿ ನಿಂತು ಹೇಳಲು ಚನಮಲ್ಲಪ್ಪನಿಗೇ ನಾಚಿಕೆಯಾಗಿತ್ತಂತೆ.

ಪ್ರೊಫೆಸರ್ ಕಲ್ಮೇಶರ ಪುಸ್ತಕ ಹೊರಬಂತು. ದಪ್ಪ ರಟ್ಟು, ನುಣುಪು ಕಾಗದ. ಶಾಲೆಯ ಗ್ರಂಥಾಲಯಕ್ಕೂ ಒಂದು ಪ್ರತಿ ಬಂತು. ಅಂಜನಾ ಅದನ್ನು ಊರಿಗೆ ತಂದು, ಅವ್ವನ ಬಲಕ್ಕೆ ಕೂತು ಓದಿದಳು. ಜಾಲಿಗೇರಿಯ ಓಕುಳಿ ಸ್ತ್ರೀ ಸಮಾನತೆಯ ಅಪೂರ್ವ ಆಚರಣೆಯಾಗಿತ್ತು. ಮುಳುಗಡೆಯ ಪರಿಣಾಮವಾಗಿ ಅದು ನಿಂತಿತು. ಕೊನೆಯ ಪುಟದಲ್ಲಿ ಮಾಹಿತಿ ಕೊಟ್ಟವರ ಹೆಸರುಗಳಿದ್ದವು. ಮೊದಲು ಗಿರಿಮಲ್ಲಪ್ಪ ಗೌಡರು. ಕೊನೆಗೆ ಸಾತವ್ವ. ಅವ್ವನ ಒಂದು ಮಾತೂ ಪುಸ್ತಕದೊಳಗೆ ಇರಲಿಲ್ಲ. ಹೆಸರು ಮಾತ್ರ ಇತ್ತು.

ಸಾತವ್ವ ಎದ್ದು ಅಂಗಳದ ಆಚೆಗೆ ಹೋಗಿ ಕ್ಯಾಕರಿಸಿ ಉಗುಳಿದಳು. ಬಾಯಿ ಮುಕ್ಕಳಿಸಿ ಬಂದು ಕೂತಳು.

"ಈ ವರ್ಷ ಓಕಳಿ ಆಡ್ಯಾರೇನು?" ಎಂದು ಕೇಳಿದಳು.

"ಇಲ್ಲ ಬೇ."

"ಹ್ವಾದ ವರ್ಷ?"

"ಇಲ್ಲ."

"ಮತ್ತ?" ಅಂದಳು ಸಾತವ್ವ. ಮೊರ ಎಳೆದುಕೊಂಡು ಜೋಳದೊಳಗಿನ ಕಲ್ಲು ಆರಿಸತೊಡಗಿದಳು.